ಊರು ಬಿಟ್ಟವರು ಊರನ್ನು ಮರೆತಿಲ್ಲ: ಮಹಾಗಾಂವದ ಕಡೆಗೊಂದು ನೋಟ

ಕರಾವಳಿಯ ನಮ್ಮಲ್ಲಿ ಒಂದು ಅಭ್ಯಾಸ ಬೇರೂರಿಬಿಟ್ಟಿದೆ. ಮನೆಗೆ ತಾರಸಿ ಹಾಕಲು ಬಂದವರಿರಲಿ, ರಸ್ತೆ ಬದಿಯಲ್ಲಿ ಕೇಬಲ್ಲಿಗಾಗಿ ಗುಂಡಿ ತೋಡುವವರಿರಲಿ, ಬೆಳಿಗ್ಗೆ ಪೇಟೆಯ ವೃತ್ತದಲ್ಲಿ ಬುತ್ತಿ ಹಿಡಿದು ಕೆಲಸಕ್ಕಾಗಿ ಕಾದು ನಿಂತವರಿರಲಿ, ಎಲ್ಲರನ್ನೂ ನಾವು 'ಬಿಜಾಪುರದವರು' ಎಂದೋ 'ಘಟ್ಟದವರು' ಎಂದೋ ಕರೆದು ಮುಗಿಸುತ್ತೇವೆ. ಅವರು ಬಾಗಲಕೋಟೆಯವರಿರಬಹುದು, ಕೊಪ್ಪಳ, ಗದಗ, ರಾಯಚೂರು, ಯಾದಗಿರಿ ಇಲ್ಲವೇ ಕಲಬುರಗಿಯವರಿರಬಹುದು. ನಮಗೆ ಆ ವ್ಯತ್ಯಾಸ ಬೇಕಿಲ್ಲ. ಬಿಜಾಪುರವೇ 2014ರ ನವೆಂಬರ್ 1ರಂದು ವಿಜಯಪುರವಾಯಿತು. ಅದೇ ದಿನ ಮ್ಯಾಂಗಳೂರು ಮಂಗಳೂರಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು. ನಮ್ಮ ಊರಿನ ಹೆಸರನ್ನು ಸರಿಯಾಗಿ ಉಚ್ಚರಿಸಬೇಕೆಂದು ಬಯಸುವ ನಾವು, ನಮ್ಮ ಮನೆ ಕಟ್ಟುವವನ ಊರಿನ ಹೆಸರನ್ನು ಕೇಳುವ ಗೋಜಿಗೂ ಹೋಗುವುದಿಲ್ಲ. ಇದು ವಿಪರ್ಯಾಸವಲ್ಲವೇ?

ಇದು ಬರೀ ಸೌಜನ್ಯದ ಪ್ರಶ್ನೆಯಲ್ಲ. ಈ ಅಭ್ಯಾಸದ ಹಿಂದೆ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಊರು ಬಿಟ್ಟು ದುಡಿಯಲು ಬಂದವರಿಗೆ ತಮ್ಮ ಊರಿನ ಮೇಲೆ ಅಷ್ಟೇನೂ ಪ್ರೀತಿ ಇರಲಿಕ್ಕಿಲ್ಲ, ಆ ಊರು ಪ್ರೀತಿಸುವಂಥದ್ದೂ ಇರಲಿಕ್ಕಿಲ್ಲ ಎಂದು ನಾವು ನಮಗೆ ತಿಳಿಯದೆಯೇ ಭಾವಿಸಿಕೊಂಡಿದ್ದೇವೆ. ಕಲಬುರಗಿ ಸೀಮೆಯ ಒಂದು ಊರನ್ನು ಮುಂದಿಟ್ಟುಕೊಂಡು ಈ ಭಾವನೆ ಎಷ್ಟು ನಿಜ ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆ ಊರು ಮಹಾಗಾಂವ. ಕಲಬುರಗಿಯಿಂದ ಕಮಲಾಪುರ ಮಾರ್ಗವಾಗಿ ಹುಮನಾಬಾದಿನತ್ತ ಸಾಗುವ ಹೆದ್ದಾರಿಯಲ್ಲಿ ಬರುವ 'ಮಹಾಗಾಂವ ಕ್ರಾಸ್' ಆ ಕಡೆ ಓಡಾಡುವವರಿಗೆಲ್ಲ ಪರಿಚಿತ. ಹಿಂದೆ ಗುಲ್ಬರ್ಗಾ ತಾಲ್ಲೂಕಿನಲ್ಲಿದ್ದ ಈ ಊರು ಈಗ ಕಮಲಾಪುರ ತಾಲ್ಲೂಕಿಗೆ ಸೇರಿದೆ. ಕೊಂಕಣಿ ಮಾತನಾಡುವ ನಮಗೆ ಈ ಹೆಸರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ 'ಗಾಂವ್' ಮತ್ತು ಆ 'ಗಾಂವ' ಒಂದೇ. ಮುಂಬಯಿಯಲ್ಲೋ ದುಬೈಯಲ್ಲೋ ಇರುವ ನಮ್ಮವರು ರಜೆ ಸಿಕ್ಕಾಗ 'ಗಾಂವಾಕ್ ವೆತಾಂ' ಎಂದು ಹೇಳುವಾಗ ಆ ಮಾತಿನಲ್ಲಿ ಎಷ್ಟು ಭಾರವಿರುತ್ತದೆ ಎಂಬುದು ನಮಗೆ ಗೊತ್ತು. ಅದೇ ಭಾರ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದು ನಮ್ಮ ತಾರಸಿ ಹಾಕುವವನ ಎದೆಯಲ್ಲೂ ಇದೆ ಎಂದು ಒಪ್ಪಿಕೊಳ್ಳಲು ಮಾತ್ರ ನಮಗೆ ಕಷ್ಟ.

ಹೆಸರುಗಳು ಬದಲಾದವು

ಕಲಬುರಗಿ ಸೀಮೆಯ ಜನ ತಮ್ಮ ನೆಲದ ಬಗ್ಗೆ ಏನು ಭಾವಿಸುತ್ತಾರೆ ಎಂಬುದನ್ನು ಅರಿಯಬೇಕಾದರೆ ಮೊದಲು ಆ ನೆಲ ಎಷ್ಟು ಸಲ ಕೈ ಬದಲಾಯಿಸಿದೆ, ಹೆಸರು ಬದಲಾಯಿಸಿದೆ ಎಂಬುದನ್ನು ನೋಡಬೇಕು. 1947ರ ಆಗಸ್ಟ್ 15ರಂದು ದೇಶವೆಲ್ಲ ಸ್ವಾತಂತ್ರ್ಯದ ಸಂಭ್ರಮದಲ್ಲಿದ್ದಾಗ ಈ ಭಾಗ ಇನ್ನೂ ಹೈದರಾಬಾದಿನ ನಿಜಾಮನ ಆಡಳಿತದಲ್ಲೇ ಇತ್ತು. 1948ರ ಸೆಪ್ಟೆಂಬರ್ 17ರಂದು, ಅಂದರೆ ಹದಿಮೂರು ತಿಂಗಳು ತಡವಾಗಿ, ಅವರಿಗೆ ಬಿಡುಗಡೆಯಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲ್ಬರ್ಗಾ, ಬೀದರ್, ರಾಯಚೂರು ಜಿಲ್ಲೆಗಳ ಕನ್ನಡ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಆದರೂ ಈ ಭಾಗವನ್ನು ಮಾತ್ರ ಮುಂದೆಯೂ ದಶಕಗಳ ಕಾಲ 'ಹೈದರಾಬಾದ್ ಕರ್ನಾಟಕ' ಎಂದೇ ಕರೆಯಲಾಯಿತು. ಹಳೆಯ ಒಡೆಯನ ಹೆಸರನ್ನು ಹೊತ್ತುಕೊಂಡೇ ಅದು ಹೊಸ ಮನೆಯಲ್ಲಿ ಬಾಳಿತು.

2019ರ ಸೆಪ್ಟೆಂಬರ್ 17ರಂದು ಸರ್ಕಾರ ಈ ಪ್ರದೇಶಕ್ಕೆ 'ಕಲ್ಯಾಣ ಕರ್ನಾಟಕ' ಎಂದು ಹೆಸರಿಟ್ಟಿತು. ಬೀದರ್ ಜಿಲ್ಲೆಯ ಬಸವಕಲ್ಯಾಣ, ಅಲ್ಲಿ ಹನ್ನೆರಡನೆಯ ಶತಮಾನದಲ್ಲಿ ನಡೆದ ಶರಣರ ಚಳವಳಿ, ಇವೆಲ್ಲ ಆ ಹೆಸರಿನಲ್ಲಿ ಅಡಗಿವೆ. 'ಈಶಾನ್ಯ' ಎಂಬ ಹೆಸರು ಹೊತ್ತು ಓಡುತ್ತಿದ್ದ ಸಾರಿಗೆ ಸಂಸ್ಥೆಯ ಬಸ್ಸುಗಳೂ 'ಕಲ್ಯಾಣ ಕರ್ನಾಟಕ' ಎಂಬ ಫಲಕ ಹಾಕಿಕೊಂಡವು. ಆದರೆ ವಿಶ್ವವಿದ್ಯಾಲಯ ಇಂದಿಗೂ ಗುಲಬರ್ಗಾ ವಿಶ್ವವಿದ್ಯಾಲಯವೇ. ಲೋಕಸಭಾ ಕ್ಷೇತ್ರದ ಹೆಸರು ಗುಲ್ಬರ್ಗಾ, ಕಥೋಲಿಕ ಧರ್ಮಪ್ರಾಂತ್ಯದ ಹೆಸರೂ ಗುಲ್ಬರ್ಗಾ. ಹೀಗೆ ಒಂದೇ ಊರಿನ ಜನ ಎರಡು ಮೂರು ಹೆಸರುಗಳ ನಡುವೆ ದಿನ ಕಳೆಯುತ್ತಿದ್ದಾರೆ.

ಹೆಸರು ಬದಲಾವಣೆಯಿಂದ ಏನು ಪ್ರಯೋಜನ ಎಂದು ನಗುವವರಿದ್ದಾರೆ. ನಗುವುದು ಸರಿಯಲ್ಲ. ತಮ್ಮನ್ನು ಇನ್ನೊಬ್ಬರ ಹೆಸರಿನಿಂದ ಕರೆಯುವುದನ್ನು ಯಾವ ಜನರೂ ಇಷ್ಟಪಡುವುದಿಲ್ಲ. ಈ ನೆಲಕ್ಕೆ ಹೇಳಿಕೊಳ್ಳಲು ಬೇಕಾದಷ್ಟು ಇದೆ. ಕನ್ನಡದಲ್ಲಿ ಇಂದು ನಮಗೆ ಲಭ್ಯವಿರುವ ಅತ್ಯಂತ ಹಳೆಯ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದು ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಕಲಬುರಗಿ ನಗರ 1347ರಲ್ಲಿ ಬಹಮನಿ ಅರಸರ ರಾಜಧಾನಿಯಾಯಿತು. ಖ್ವಾಜಾ ಬಂದೇ ನವಾಜರ ದರ್ಗಾ ಮತ್ತು ಶರಣಬಸವೇಶ್ವರ ದೇವಸ್ಥಾನ ಒಂದೇ ನಗರದಲ್ಲಿವೆ. ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಇಂಥ ನೆಲದವರಿಗೆ ಅಭಿಮಾನ ಎಲ್ಲಿಂದ ಬಂತು ಎಂದು ಕೇಳುವುದೇ ತಪ್ಪು.

ಆದರೆ ಹೆಸರಿಗೂ ಒಂದು ಮಿತಿ ಇದೆ. ಹೆಸರು ಗೌರವ ಕೊಡುತ್ತದೆ, ಊಟ ಕೊಡುವುದಿಲ್ಲ. ಕಲ್ಯಾಣವೆಂದು ಕರೆಸಿಕೊಂಡ ಮೇಲೂ ಬೇಸಿಗೆಯಲ್ಲಿ ಕೆಲಸ ಸಿಗದಿದ್ದರೆ ಮನೆಗೆ ಬೀಗ ಹಾಕಿ ಹೊರಡಲೇಬೇಕು.

'ಹಿಂದುಳಿದ' ಎಂಬ ಹಣೆಪಟ್ಟಿ

ಈ ನೆಲಕ್ಕೆ ಅಂಟಿಕೊಂಡ ಇನ್ನೊಂದು ಹೆಸರೂ ಇದೆ. ಅದು 'ಹಿಂದುಳಿದ ಪ್ರದೇಶ'. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಹೇಳಿತು. ಅವುಗಳಲ್ಲಿ 39 ತಾಲ್ಲೂಕುಗಳು 'ಅತ್ಯಂತ ಹಿಂದುಳಿದವು'. ಈ 39ರಲ್ಲಿ 21 ಗುಲ್ಬರ್ಗಾ ವಿಭಾಗವೊಂದಕ್ಕೇ ಸೇರಿದ್ದವು. ಆ ವರದಿ ಬಂದು ಎರಡು ದಶಕಗಳು ಕಳೆದ ಮೇಲೆ, 2024ರಲ್ಲಿ, ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಸರ್ಕಾರ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದರಾವ್ ಅವರ ನೇತೃತ್ವದಲ್ಲಿ ಇನ್ನೊಂದು ಸಮಿತಿಯನ್ನು ನೇಮಿಸಿತು. ಮತ್ತೆ ಅಳೆಯಬೇಕಾಗಿ ಬಂತು ಎಂದ ಮೇಲೆ ಅಂತರ ಮುಗಿದಿರಲಿಲ್ಲ ಎಂದೇ ಅರ್ಥ.

ಈ ಅಂತರ ಪ್ರತಿ ವರ್ಷ ನಮ್ಮ ಕಣ್ಣಿಗೆ ಬೀಳುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. 2025ರ ಪರೀಕ್ಷೆ-1ರಲ್ಲಿ ಶೇ. 91.12 ಫಲಿತಾಂಶದೊಂದಿಗೆ ದಕ್ಷಿಣ ಕನ್ನಡ ಮೊದಲ ಸ್ಥಾನ ಪಡೆಯಿತು, ಉಡುಪಿ ಎರಡನೆಯದು. ಶೇ. 42.43 ಪಡೆದ ಕಲಬುರಗಿ ಕೊನೆಯ ಸ್ಥಾನದಲ್ಲಿತ್ತು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57 ಇದ್ದರೆ ಕಲಬುರಗಿಯದ್ದು ಶೇ. 64.85. ಅಂದು ನಾವು ಸಿಹಿ ಹಂಚುತ್ತೇವೆ. ಪಟ್ಟಿಯ ಕೊನೆಯಲ್ಲಿರುವ ಜಿಲ್ಲೆಯ ಮಕ್ಕಳು ಅಂದು ಏನು ಮಾಡುತ್ತಾರೆ ಎಂದು ಯೋಚಿಸಿದ್ದೇವೆಯೇ? ಒಂದೇ ಪಠ್ಯಪುಸ್ತಕ, ಒಂದೇ ಪ್ರಶ್ನೆಪತ್ರಿಕೆ. ಮಕ್ಕಳ ಬುದ್ಧಿಯಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಇರಲು ಸಾಧ್ಯವಿಲ್ಲ. ವ್ಯತ್ಯಾಸ ಇರುವುದು ಶಾಲೆಯಲ್ಲಿ, ಶಿಕ್ಷಕರು ಎಷ್ಟು ಕಾಲ ಅಲ್ಲಿ ನಿಲ್ಲುತ್ತಾರೆ ಎಂಬುದರಲ್ಲಿ, ತಂದೆ ತಾಯಿ ವರ್ಷದಲ್ಲಿ ಎಷ್ಟು ತಿಂಗಳು ಊರಲ್ಲಿರುತ್ತಾರೆ ಎಂಬುದರಲ್ಲಿ.

ಇಲ್ಲಿ ಒಂದು ವಿಷವರ್ತುಲವನ್ನು ಗಮನಿಸಬೇಕು. ರಾಜ್ಯದ ಬೇರೆ ಕಡೆಯ ಸರ್ಕಾರಿ ನೌಕರರಿಗೆ ಗುಲ್ಬರ್ಗಾ, ರಾಯಚೂರು, ಬೀದರ್ ಕಡೆಗೆ ವರ್ಗವಾದರೆ ಅದನ್ನು 'ಶಿಕ್ಷೆ' ಎಂದು ಕರೆಯುವ ರೂಢಿ ಬಹಳ ಹಿಂದಿನಿಂದಲೂ ಇದೆ. ಕರಾವಳಿಯ ಮನೆಗಳಲ್ಲೂ ಈ ಮಾತು ಕೇಳಿದವರೇ ಎಲ್ಲ. ಹೋದವರು ಮೊದಲ ದಿನದಿಂದಲೇ ಹಿಂದಿರುಗುವ ದಾರಿ ಹುಡುಕುತ್ತಾರೆ. ಹುದ್ದೆ ಖಾಲಿಯಾಗುತ್ತದೆ. ಶಿಕ್ಷಕರಿಲ್ಲದ ಶಾಲೆಯ ಫಲಿತಾಂಶ ಕುಸಿಯುತ್ತದೆ, ವೈದ್ಯರಿಲ್ಲದ ಆಸ್ಪತ್ರೆಗೆ ಜನ ಹೋಗುವುದನ್ನು ಬಿಡುತ್ತಾರೆ. ಆಮೇಲೆ ಅಂಕಿಅಂಶ ನೋಡಿ 'ನೋಡಿ, ಎಷ್ಟು ಹಿಂದುಳಿದಿದೆ' ಎಂದು ನಾವೇ ಹೇಳುತ್ತೇವೆ. ಒಂದು ಊರನ್ನು ಶಿಕ್ಷೆಯ ಜಾಗವೆಂದು ಕರೆದರೆ ಅಲ್ಲೇ ಹುಟ್ಟಿ ಅಲ್ಲೇ ಬದುಕುತ್ತಿರುವವರಿಗೆ ಏನು ಅನ್ನಿಸಬೇಡ? ಅವರು ಯಾವ ತಪ್ಪಿಗಾಗಿ ಶಿಕ್ಷೆ ಅನುಭವಿಸುತ್ತಿದ್ದಾರೆ?

ಈ ವರ್ತುಲವನ್ನು ಮುರಿಯಲೆಂದೇ ಸಂವಿಧಾನದ 371ಜೆ ವಿಧಿ ಬಂತು. ವೈಜನಾಥ ಪಾಟೀಲರಂಥ ನಾಯಕರು ವರ್ಷಗಟ್ಟಲೆ ನಡೆಸಿದ ಹೋರಾಟದ ಫಲವಾಗಿ 2012ರ ಡಿಸೆಂಬರಿನಲ್ಲಿ ಸಂಸತ್ತು 98ನೇ ತಿದ್ದುಪಡಿಗೆ ಒಪ್ಪಿಗೆ ನೀಡಿತು. ಅದರಂತೆ ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ 'ಸಿ' ಗುಂಪಿನ ಶೇ. 80 ಮತ್ತು 'ಡಿ' ಗುಂಪಿನ ಶೇ. 85 ಸ್ಥಳೀಯರಿಗೆ ಮೀಸಲಾದವು. ಇಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಬೇರೆಡೆಯ ಸಂಸ್ಥೆಗಳಲ್ಲಿ ಶೇ. 8 ಸೀಟುಗಳು ಈ ಭಾಗದ ವಿದ್ಯಾರ್ಥಿಗಳಿಗೆ ದೊರೆಯುವಂತಾಯಿತು. ಅದರ ಅರ್ಥ ಸರಳ. ಈ ಊರಿನಲ್ಲೇ ಇರಲು ಮನಸ್ಸಿರುವವನೇ ಈ ಊರಿನ ಶಾಲೆಯಲ್ಲಿ ಪಾಠ ಹೇಳಲಿ, ಕಚೇರಿಯಲ್ಲಿ ಕುಳಿತುಕೊಳ್ಳಲಿ. ಕರಾವಳಿಯ ಕೆಲವರಿಗೆ ಇದು ತಮ್ಮ ಅವಕಾಶ ಕಸಿದಂತೆ ಕಂಡಿತು. ಆದರೆ ಶಿಕ್ಷೆ ಎಂದು ಕರೆದ ಜಾಗದ ಹುದ್ದೆಯನ್ನು ಬೇರೆಯವರಿಗೆ ಮೀಸಲಿಟ್ಟರೆ ನಾವು ದೂರುವುದು ನ್ಯಾಯವೇ?

ಹಣದ ಮಾತೂ ಬಂತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಕಣ್ಣಿಗೆ ಕಾಣುವ ಬದಲಾವಣೆಗಳೂ ಆಗಿವೆ. 2009ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆಗೊಂಡಿತು. 2008ರಲ್ಲಿ ಸಂಚಾರಿ ಪೀಠವಾಗಿ ಬಂದ ಹೈಕೋರ್ಟ್ 2013ರಲ್ಲಿ ಶಾಶ್ವತ ಪೀಠವಾಯಿತು. 2017ರ ಅಕ್ಟೋಬರಿನಲ್ಲಿ ಸುಮಾರು 110 ಕಿಲೋಮೀಟರ್ ಉದ್ದದ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು, 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣವೂ ಬಂತು. ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ಹೊಸ ತಾಲ್ಲೂಕುಗಳಾದವು. ಸಣ್ಣ ಕಾಗದಪತ್ರಕ್ಕೂ ದೊಡ್ಡ ನಗರಕ್ಕೆ ಅಲೆಯುತ್ತಿದ್ದವರಿಗೆ ತಾಲ್ಲೂಕು ಕಚೇರಿ ಹತ್ತಿರಕ್ಕೆ ಬರುವುದು ಸಣ್ಣ ವಿಷಯವಲ್ಲ. ಆದರೂ ಗುಳೆ ನಿಂತಿಲ್ಲ. ಏಕೆ?

ಗುಳೆಯ ಲೆಕ್ಕಾಚಾರ

ಇದಕ್ಕೆ ಉತ್ತರ ಆ ನೆಲದ ಬೆಳೆಯ ಪಂಚಾಂಗದಲ್ಲಿದೆ. ಕಲಬುರಗಿಯನ್ನು 'ತೊಗರಿಯ ಕಣಜ' ಎನ್ನುತ್ತಾರೆ. ರಾಜ್ಯದಲ್ಲಿ ಅತಿ ಹೆಚ್ಚು ತೊಗರಿ ಬೆಳೆಯುವ ಜಿಲ್ಲೆ ಇದು. ಕರಿ ಮಣ್ಣಿನಲ್ಲಿ ಬೆಳೆದ ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕಮಲಾಪುರದ ಕೆಂಪು ಬಾಳೆಗೂ ಆ ಮಾನ್ಯತೆ ಇದೆ. ಊರಿನ ಹೆಸರೇ ಸರಕಿನ ಗುಣಕ್ಕೆ ಸಾಕ್ಷಿ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಇದಕ್ಕಿಂತ ಹೆಚ್ಚಿನ ಗೌರವ ಒಂದು ಮಣ್ಣಿಗೆ ಬೇಕೇ?

ಆದರೆ ತೊಗರಿ ಮಳೆ ನಂಬಿದ ಬೆಳೆ. ಮುಂಗಾರಿನಲ್ಲಿ ಬಿತ್ತಿದರೆ ಕೊಯ್ಲಿಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಹೆಚ್ಚು ಕಡಿಮೆ ಅರ್ಧ ವರ್ಷ ಹೊಲ ಆ ಒಂದೇ ಬೆಳೆಗೆ ಮೀಸಲು. ರಾಶಿ ಮುಗಿದ ಮೇಲೆ ನೀರಾವರಿ ಇಲ್ಲದ ಹೊಲದಲ್ಲಿ ಮುಂದಿನ ಮುಂಗಾರಿನವರೆಗೆ ಕೆಲಸವೇ ಇಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿ ಬೀಳುವುದು ಅದರ ಕಾಲು ಭಾಗದಷ್ಟು ಎಂದರೂ ನಡೆಯುತ್ತದೆ. ಅದೂ ಬೇಕಾದಾಗ ಬಾರದೆ, ಬೇಡವಾದಾಗ ಬಂದು ಕಾಡುತ್ತದೆ. 2022ರ ಹಂಗಾಮಿನಲ್ಲಿ ಇನ್ನೇನು ಬೆಳೆ ಕೈಗೆ ಬಂತು ಎನ್ನುವಾಗ ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗಿತು. 2025ರಲ್ಲಿ ಅತಿವೃಷ್ಟಿ ಮತ್ತು ಭೀಮಾ ನದಿಯ ಪ್ರವಾಹ ಬೆಳೆಯನ್ನು ಕೊಳೆಸಿತು. ಒಂದೇ ಬೆಳೆ ನಂಬಿದ ಮನೆಯಲ್ಲಿ ಒಂದು ಹಂಗಾಮು ಹೋದರೆ ಸಾಲ ಉಳಿಯುತ್ತದೆ. ಸಾಲ ತೀರಿಸಲು ಊರು ಬಿಡಬೇಕು. ಇದನ್ನೇ ಆ ಕಡೆಯವರು 'ಗುಳೆ ಹೋಗುವುದು' ಎನ್ನುತ್ತಾರೆ.

ಗುಳೆಯ ದಾರಿಗಳು ಹಳೆಯವು. ಸೊಲ್ಲಾಪುರ, ಪುಣೆ, ಮುಂಬಯಿ, ಹೈದರಾಬಾದ್ ಹತ್ತಿರದವು. ಬೆಂಗಳೂರು, ಗೋವಾ, ಮಂಗಳೂರು ದೂರದವು. ಗಮನಿಸಬೇಕಾದ ಸಂಗತಿ ಎಂದರೆ ಗುಳೆ ಹೋದವರು ಊರನ್ನು ತೊರೆದು ಹೋದವರಲ್ಲ. ಅವರ ಹೊಲ ಅಲ್ಲಿದೆ, ಮುದುಕ ತಂದೆ ತಾಯಿ ಅಲ್ಲಿದ್ದಾರೆ, ಪಡಿತರ ಚೀಟಿ ಅಲ್ಲಿದೆ, ಮತವೂ ಅಲ್ಲಿದೆ. ಎಳ್ಳ ಅಮಾವಾಸ್ಯೆ ಬಂದರೆ ಆ ಭಾಗದ ಪೇಟೆಗಳು ಬಂದ್ ಆಚರಿಸಿದಂತೆ ಖಾಲಿಯಾಗುತ್ತವೆ. ಜನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಆಮೇಲೆ ಎಲ್ಲರೂ ಕುಳಿತು ಉಣ್ಣುತ್ತಾರೆ. ಹೊಲವಿಲ್ಲದವರನ್ನೂ ಹೊಲವಿದ್ದವರು ಕರೆಯುತ್ತಾರೆ. ಮೊಂತಿ ಹಬ್ಬದ ದಿನ ಹೊಸ ತೆನೆಯನ್ನು ಹರಸಿ ಮನೆಗೆ ತಂದು ಒಟ್ಟಿಗೆ ಊಟಕ್ಕೆ ಕೂರುವ ನಮಗೆ ಈ ಸಂಭ್ರಮದ ಅರ್ಥ ಬೇರೆಯವರಿಗಿಂತ ಬೇಗ ಆಗಬೇಕು.

2020ರಲ್ಲಿ ಈ ಬಂಧ ಇಡೀ ದೇಶಕ್ಕೆ ಕಾಣಿಸಿತು. ಭಾರತದಲ್ಲಿ ಕೊರೋನಾದಿಂದ ಮೊದಲ ಸಾವು ವರದಿಯಾದದ್ದು ಆ ವರ್ಷದ ಮಾರ್ಚ್ ತಿಂಗಳಲ್ಲಿ ಕಲಬುರಗಿಯಿಂದಲೇ. ಆ ಊರಿನ ಹೆಸರು ಕೇಳಿದರೆ ಜನ ಹೆದರುತ್ತಿದ್ದ ದಿನಗಳವು. ಮೇ ತಿಂಗಳ ಆರಂಭದಲ್ಲಿ ಸರ್ಕಾರ ವಲಸೆ ಕಾರ್ಮಿಕರಿಗೆ ಉಚಿತ ಬಸ್ಸಿನ ವ್ಯವಸ್ಥೆ ಮಾಡಿದಾಗ ಮಂಗಳೂರಿನಿಂದಲೂ ಉತ್ತರ ಕರ್ನಾಟಕದ ಕಾರ್ಮಿಕರು ಗಂಟುಮೂಟೆ ಸಮೇತ ಹೊರಟರು. ದೇಶದ ಹೆದ್ದಾರಿಗಳಲ್ಲಿ ನಡೆದೇ ಹೋದವರೆಷ್ಟೋ. ಊರಿನಲ್ಲಿ ಕೆಲಸವಿಲ್ಲ ಎಂದು ಅವರಿಗೆ ಗೊತ್ತಿತ್ತು, ಆಸ್ಪತ್ರೆ ದೂರ ಎಂದೂ ಗೊತ್ತಿತ್ತು. ಆದರೂ ಕಷ್ಟ ಬಂದಾಗ ಹೋಗಬೇಕಾದ ಜಾಗ ಯಾವುದು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ನಾವು ವರ್ಷಗಟ್ಟಲೆ ಕೆಲಸ ಕೊಟ್ಟಿದ್ದರೂ ನಮ್ಮ ಊರು ಅವರಿಗೆ ಊರಾಗಿರಲಿಲ್ಲ. ಅದು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಊರಿಗೂ ಒಂದು ಕಾಗದ ಬೇಕು

ಊರಿನ ಮೇಲಿನ ಮಮತೆ ಮನಸ್ಸಿನ ವಿಷಯ ಎಂದು ನಾವು ತಿಳಿಯುತ್ತೇವೆ. ಆದರೆ ಅದಕ್ಕೆ ಕಾಗದವೂ ಬೇಕು. ಕಲಬುರಗಿ ಜಿಲ್ಲೆಯ ಕಮಲಾಪುರ, ಚಿಂಚೋಳಿ, ಚಿತ್ತಾಪುರ ಭಾಗಗಳಲ್ಲಿ ಲಂಬಾಣಿ ತಾಂಡಾಗಳು ಬಹಳಷ್ಟಿವೆ. ತಲೆಮಾರುಗಳಿಂದ ಅಲ್ಲೇ ವಾಸವಿದ್ದರೂ ಎಷ್ಟೋ ತಾಂಡಾಗಳು ಕಂದಾಯ ಇಲಾಖೆಯ ದಾಖಲೆಯಲ್ಲಿ ಗ್ರಾಮಗಳೇ ಆಗಿರಲಿಲ್ಲ. ಮನೆ ಇತ್ತು, ಮನೆಯ ಹಕ್ಕುಪತ್ರ ಇರಲಿಲ್ಲ. ಹಕ್ಕುಪತ್ರವಿಲ್ಲದಿದ್ದರೆ ಬ್ಯಾಂಕು ಸಾಲ ಕೊಡುವುದಿಲ್ಲ, ಮನೆ ರಿಪೇರಿಗೆ ಸಹಾಯ ಸಿಗುವುದಿಲ್ಲ, ಮಕ್ಕಳಿಗೆ ಬಿಟ್ಟು ಹೋಗಲು ಆಸ್ತಿ ಇರುವುದಿಲ್ಲ.

ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ಇಂಥ ಸುಮಾರು 1,475 ವಸತಿಗಳನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಲಾಯಿತು. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರ ಸಮ್ಮುಖದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ಚುನಾವಣೆ ಹತ್ತಿರವಿತ್ತು, ಯಾವ ಪಕ್ಷಕ್ಕೆ ಇದರ ಶ್ರೇಯಸ್ಸು ಎಂಬ ಜಗಳವೂ ನಡೆಯಿತು. ಅದೇನೇ ಇರಲಿ, ಇಷ್ಟು ಸಾವಿರ ಕುಟುಂಬಗಳು ಸ್ವಾತಂತ್ರ್ಯ ಬಂದು 75 ವರ್ಷಗಳ ನಂತರವೂ ತಾವು ವಾಸವಿರುವ ಜಾಗ ತಮ್ಮದೆಂದು ಹೇಳಲು ಕಾಗದವಿಲ್ಲದೆ ಬದುಕಿದ್ದವು ಎಂಬುದು ಎಲ್ಲ ಪಕ್ಷಗಳೂ ತಲೆ ತಗ್ಗಿಸಬೇಕಾದ ವಿಷಯ. ಭೂ ಮಸೂದೆಯಿಂದ ಒಂದು ತುಂಡು ಭೂಮಿ ಸ್ವಂತವಾದಾಗ ಗೇಣಿದಾರರಾಗಿದ್ದ ನಮ್ಮ ಹಿರಿಯರಿಗೆ ಆದ ಸಮಾಧಾನವನ್ನು ನೆನೆದರೆ, ಆ ಕಾಗದದ ಬೆಲೆ ಏನೆಂಬುದು ನಮಗೆ ಅರ್ಥವಾಗುತ್ತದೆ.

ನಮ್ಮದೂ ವಲಸೆಯ ಕಥೆಯೇ

ವಲಸೆ ಹೋಗುವುದರಲ್ಲಿ ಕರಾವಳಿಯವರು ಯಾರಿಗೂ ಕಡಿಮೆಯಿಲ್ಲ. ಮೊದಲು ಮುಂಬಯಿಯ ಹೋಟೆಲು, ಕಚೇರಿ, ಕಾರ್ಖಾನೆಗಳು. ಎಪ್ಪತ್ತರ ದಶಕದಿಂದ ಗಲ್ಫ್ ರಾಷ್ಟ್ರಗಳು. ಈಗ ಕೆನಡಾ, ಆಸ್ಟ್ರೇಲಿಯಾ, ಇಸ್ರೇಲ್, ಐರ್ಲೆಂಡ್. ನಮ್ಮ ಎಷ್ಟೋ ಊರುಗಳಲ್ಲಿ ದೊಡ್ಡ ದೊಡ್ಡ ಮನೆಗಳಿವೆ, ಒಳಗೆ ಇಬ್ಬರು ವೃದ್ಧರು, ಇಲ್ಲವೇ ಬೀಗ. ನಮ್ಮ ಮಕ್ಕಳು ಹೋದದ್ದನ್ನು ನಾವು 'ಸಾಧನೆ' ಎನ್ನುತ್ತೇವೆ. ಮಹಾಗಾಂವದ ಕಡೆಯವನು ಬಂದದ್ದನ್ನು 'ಗುಳೆ' ಎಂದು ಮರುಕ ತೋರುತ್ತೇವೆ. ಎರಡರಲ್ಲೂ ಒಬ್ಬ ತಾಯಿ ಊರಿನಲ್ಲಿ ಕಾಯುತ್ತಿರುತ್ತಾಳೆ.

ವ್ಯತ್ಯಾಸ ಇಲ್ಲವೆಂದಲ್ಲ. ನಮ್ಮವರು ಶಾಲೆ ಕಲಿತು ಹೋದರು. ಶಾಲೆ ಹತ್ತಿರವಿತ್ತು, ಬ್ಯಾಂಕು ಹತ್ತಿರವಿತ್ತು, ಆಸ್ಪತ್ರೆಯೂ ಇತ್ತು. ಹಾಗಾಗಿ ಹೋಗುವುದು ಬಹುಮಟ್ಟಿಗೆ ಆಯ್ಕೆಯಾಗಿತ್ತು. ಅಲ್ಲಿಯವರಿಗೆ ಹೋಗುವುದು ಬೇಸಿಗೆಯ ಅನಿವಾರ್ಯತೆ. ಊರನ್ನು ಪ್ರೀತಿಸುವವನಿಗೆ ಊರಿನಲ್ಲಿರುವ ಅವಕಾಶವೂ, ಬೇಕೆಂದರೆ ಹೋಗುವ ಸ್ವಾತಂತ್ರ್ಯವೂ ಎರಡೂ ಇರಬೇಕು. ಒಂದೇ ಇದ್ದರೆ ಅದು ಅರ್ಧ ಬದುಕು.

ಕರಾವಳಿಯಿಂದ ಆ ಕಡೆಗೆ ಹೋಗಿ ಅಲ್ಲೇ ನಿಂತವರೂ ಇದ್ದಾರೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಬ್ಯಾಂಕ್ ನೌಕರರು, ಹೋಟೆಲು ನಡೆಸುವವರು, ಶಿಕ್ಷಕರು ಅವರಲ್ಲಿದ್ದಾರೆ. 2005ರಲ್ಲಿ ಗುಲ್ಬರ್ಗಾ ಧರ್ಮಪ್ರಾಂತ್ಯ ಸ್ಥಾಪನೆಯಾಗುವ ಮೊದಲೂ ಆಮೇಲೂ ಕರಾವಳಿಯ ಧರ್ಮಗುರುಗಳು, ಧರ್ಮಭಗಿನಿಯರು ಅಲ್ಲಿ ಶಾಲೆ, ಆರೋಗ್ಯ ಕೇಂದ್ರಗಳಲ್ಲಿ ದುಡಿದಿದ್ದಾರೆ. ಅಲ್ಲಿ ವರ್ಷಗಟ್ಟಲೆ ಇದ್ದವರನ್ನು ಕೇಳಿದರೆ ಮೊದಲ ಬೇಸಿಗೆಯ ಬಿಸಿಲಿನ ಬಗ್ಗೆ ದೂರುತ್ತಾರೆ, ನಂತರ ಜನರ ಬಗ್ಗೆ ಮಾತು ನಿಲ್ಲಿಸುವುದಿಲ್ಲ. ಮನೆಗೆ ಬಂದವರನ್ನು ಉಣ್ಣಿಸದೆ ಕಳುಹಿಸದ ಸಂಪ್ರದಾಯ ಅಲ್ಲಿನದು. 'ಶಿಕ್ಷೆಯ ಜಾಗ' ಎಂಬ ಮಾತು ಹೆಚ್ಚಾಗಿ ಅಲ್ಲಿ ಬಹಳ ಕಾಲ ಇರದವರ ಬಾಯಿಂದಲೇ ಬರುತ್ತದೆ.

ಆಗಬೇಕಾದದ್ದೇನು?

ಮೊದಲನೆಯದಾಗಿ, ಅಭಿವೃದ್ಧಿಯನ್ನು ಕೋಟಿಗಳ ಲೆಕ್ಕದಲ್ಲಿ ಮಾತ್ರ ಅಳೆಯುವುದನ್ನು ಬಿಡಬೇಕು. ಕಟ್ಟಡಕ್ಕೆ ಹಣ ಖರ್ಚು ಮಾಡುವುದು ಸುಲಭ, ಉದ್ಘಾಟನೆಗೆ ರಿಬ್ಬನ್ ಕತ್ತರಿಸುವುದು ಇನ್ನೂ ಸುಲಭ. ಶಾಲೆಯಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರು ಐದು ವರ್ಷ ನಿಂತರೇ? ಏಪ್ರಿಲ್, ಮೇ ತಿಂಗಳಲ್ಲಿ ನಳದಲ್ಲಿ ನೀರು ಬಂತೇ? ರಾತ್ರಿ ಹೆರಿಗೆ ನೋವು ಬಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರಿದ್ದರೇ? ಮಹಾಗಾಂವದಂಥ ಊರಿನಲ್ಲಿ ಈ ಮೂರು ಪ್ರಶ್ನೆಗಳಿಗೆ ಹೌದು ಎಂಬ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಆದಂತೆ.

ಎರಡನೆಯದಾಗಿ, ತೊಗರಿ ಮೂಟೆಯಾಗಿ ಹೊರಗೆ ಹೋಗುವ ಬದಲು ಬೇಳೆಯಾಗಿ, ಪೊಟ್ಟಣವಾಗಿ ಅಲ್ಲಿಂದಲೇ ಹೊರಡಬೇಕು. ಕಲಬುರಗಿಯಲ್ಲಿ ಬೇಳೆ ಮಾಡುವ ಗಿರಣಿಗಳು ಮೊದಲಿನಿಂದಲೂ ಇವೆ. ಆದರೆ ಭೌಗೋಳಿಕ ಸೂಚಕದ ಹೆಸರಿನ ಲಾಭ ಬೆಳೆದವನ ಮನೆಗೆ ತಲುಪದಿದ್ದರೆ ಆ ಮಾನ್ಯತೆ ಗೋಡೆಯ ಮೇಲಿನ ಪ್ರಮಾಣಪತ್ರವಾಗಿಯೇ ಉಳಿಯುತ್ತದೆ. ಜನವರಿಯಿಂದ ಜೂನ್‌ವರೆಗಿನ ಖಾಲಿ ತಿಂಗಳುಗಳಿಗೆ ಊರಿನ ಹತ್ತಿರವೇ ಕೆಲಸ ಬೇಕು. 2005ರ ಉದ್ಯೋಗ ಖಾತ್ರಿ ಕಾಯ್ದೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆ ಕೊಟ್ಟಿತು. ಅದರ ಬದಲಿಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ 125 ದಿನಗಳ ಮಾತು ಆಡಿದೆ. ದಿನಗಳ ಸಂಖ್ಯೆಗಿಂತ ಕೂಲಿ ಸಕಾಲಕ್ಕೆ ಕೈಸೇರುವುದು ಮುಖ್ಯ. ಕೂಲಿ ತಡವಾದರೆ ಪುಣೆಯ ಮೇಸ್ತ್ರಿ ಕೊಡುವ ಮುಂಗಡವೇ ಗೆಲ್ಲುತ್ತದೆ.

ಮೂರನೆಯದಾಗಿ, ಗುಳೆ ಹೋದವರ ಮಕ್ಕಳ ಗತಿ. ತಂದೆ ತಾಯಿಯೊಂದಿಗೆ ಹೋದರೆ ಶಾಲೆ ತಪ್ಪುತ್ತದೆ, ಊರಲ್ಲೇ ಉಳಿದರೆ ನೋಡುವವರಿಲ್ಲ. ಹಂಗಾಮಿ ವಸತಿ ನಿಲಯಗಳನ್ನು ಗಟ್ಟಿಯಾಗಿ ನಡೆಸದೆ ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಕಲಬುರಗಿ ಮೇಲೆ ಬರುವುದು ಕಷ್ಟ.

ನಾಲ್ಕನೆಯದು ನಮಗೆ ಸಂಬಂಧಿಸಿದ್ದು. ನಮ್ಮ ಮನೆ ಕಟ್ಟುವ ಕಾರ್ಮಿಕ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದಾನೆಯೇ ಎಂದು ವಿಚಾರಿಸಬಹುದು. ಅವನ ಮಗು ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿದೆಯೇ ಎಂದು ಕೇಳಬಹುದು. ಮಕ್ಕಳ ಸಂಖ್ಯೆ ಸಾಲದೆ ಮುಚ್ಚುವ ಹಂತ ತಲುಪಿರುವ ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂದು ಎಷ್ಟೋ ಬೆಂಚುಗಳನ್ನು ತುಂಬಿರುವುದು ಉತ್ತರ ಕರ್ನಾಟಕದ ಮಕ್ಕಳೇ. ಅವರು ನಮ್ಮ ಶಾಲೆಗಳನ್ನು ಉಳಿಸುತ್ತಿದ್ದಾರೆ. ಅದಕ್ಕೆ ಪ್ರತಿಯಾಗಿ ಅವರಿಗೆ ಸಿಗುವುದು 'ಘಟ್ಟದ ಮಕ್ಕಳು' ಎಂಬ ಹೆಸರು.

ಕಲಬುರಗಿ ಸೀಮೆಯಲ್ಲಿ ಊರಿನ ಮೇಲಿನ ಅಭಿಮಾನಕ್ಕೆ ಬರ ಬಂದಿಲ್ಲ. ಬರ ಬಂದಿರುವುದು ಆ ಅಭಿಮಾನ ಇಟ್ಟುಕೊಂಡು ಅಲ್ಲೇ ಬಾಳುವ ಅನುಕೂಲಕ್ಕೆ. ಸರ್ಕಾರಗಳು ಹೆಸರು ಕೊಟ್ಟವು, ವಿಧಿ ಕೊಟ್ಟವು, ಹಣವನ್ನೂ ಕೊಟ್ಟವು. ಇನ್ನು ಕೊಡಬೇಕಾದದ್ದು ವರ್ಷದ ಹನ್ನೆರಡೂ ತಿಂಗಳು ಮನೆಯ ಬಾಗಿಲು ತೆರೆದಿರುವಂಥ ಬದುಕು. ಅದು ಒಂದು ಬಜೆಟ್ಟಿನಲ್ಲಿ ಮುಗಿಯುವ ಕೆಲಸವಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ನಾಳೆ ಕೆಲಸಕ್ಕೆ ಬಂದವರನ್ನು 'ನಿಮ್ಮ ಊರು ಯಾವುದು?' ಎಂದು ಕೇಳೋಣ. ಜಿಲ್ಲೆಯ ಹೆಸರು ಹೇಳಿದರೆ ಅಲ್ಲಿಗೇ ಬಿಡದೆ 'ಅಲ್ಲಿ ಯಾವ ಊರು?' ಎಂದು ಇನ್ನೊಮ್ಮೆ ಕೇಳೋಣ. ಆ ಎರಡನೇ ಪ್ರಶ್ನೆಯನ್ನು ಅವರನ್ನು ಇಲ್ಲಿ ಕೇಳಿದವರು ಬಹಳ ಕಡಿಮೆ.